ಸೋತ ಕೈಗೆ ವಿಡಿಯೋ ಪಾಠ

ಪಾರ್ಶ್ವವಾಯು ಬಡಿದವರನ್ನು ಮಳೆಗಾಲದಲ್ಲಿ ತೋಟದ ಮನೆಯಿಂದ ಮಡಿಕೇರಿಗೋ ವಿರಾಜಪೇಟೆಗೋ ಫಿಸಿಯೋಥೆರಪಿಗೆ ಕರೆದೊಯ್ಯುವ ಪಾಡು ಕೊಡಗಿನವರಿಗೆ ಗೊತ್ತು. ವಾರಕ್ಕೊಮ್ಮೆ ಹೋಗಿಬಂದರೂ ಉಳಿದ ದಿನ ಕೈ ಮಡಿಲಲ್ಲೇ ಬಿದ್ದಿರುತ್ತದೆ. ಆ ದಿನಗಳಿಗೆ ಒದಗುವ ಅಭ್ಯಾಸವೊಂದಿದೆ: ಇನ್ನೊಬ್ಬರ ಕೈಕೆಲಸವನ್ನು ಗಮನವಿಟ್ಟು ನೋಡಿ, ಒಡನೆಯೇ ತಾನೂ ಮಾಡಲು ಯತ್ನಿಸುವುದು.

1990ರ ದಶಕದ ಆರಂಭದಲ್ಲಿ ಇಟಲಿಯ ಪಾರ್ಮಾದಲ್ಲಿ ಜಿಯಾಕೊಮೊ ರಿಝೊಲಾಟ್ಟಿ ಅವರ ತಂಡ ಕೋತಿಗಳ ಮಿದುಳಿನಲ್ಲಿ ವಿಶೇಷ ನರಕೋಶಗಳನ್ನು ಗುರುತಿಸಿತು. ಕೋತಿ ತಾನೇ ವಸ್ತು ಹಿಡಿದಾಗಲೂ, ಬೇರೆಯವರು ಹಿಡಿಯುವುದನ್ನು ಕಂಡಾಗಲೂ ಅವು ಚುರುಕಾಗುತ್ತಿದ್ದವು. ಈ ಚಿಕಿತ್ಸೆಗೆ ದಾರಿ ತೋರಿದ್ದು ಅದೇ.

ಯಾವ ಚಲನೆ ಮಾಡಿಸಬಹುದೆಂದು ಮೊದಲು ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ. ಆಮೇಲೆ ಕೈಗೆ ರೂಢಿಯಿದ್ದ ಕೆಲಸವೊಂದನ್ನು ಆರಿಸಿ. ಪ್ಲಾಸ್ಟಿಕ್ ಬಿಲ್ಲೆ ಜೋಡಿಸಲು ಯಾವ ಹಿರಿಯರಿಗೂ ಮನಸ್ಸು ಬರುವುದಿಲ್ಲ. ಕಡಂಬುಟ್ಟು (ಅಕ್ಕಿತರಿಯ ಕಡುಬಿನುಂಡೆ) ಕಟ್ಟುತ್ತಿದ್ದವರಿಗೆ ಅದೇ ಆಗಲಿ. ಹಿಟ್ಟು ತೆಗೆದುಕೊಳ್ಳುವುದು, ಅಂಗೈಗೆ ತರುವುದು, ಉರುಳಿಸುವುದು, ತಟ್ಟೆಗಿಡುವುದು ಹೀಗೆ ನಾಲ್ಕು ತುಣುಕುಗಳಾಗಿ ಮೊಬೈಲ್‌ನಲ್ಲಿ ಚಿತ್ರಿಸಿ. ಮಾಡುವವರ ಹೆಗಲ ಹಿಂದಿನಿಂದ ಚಿತ್ರಿಸಿದರೆ, ನೋಡುವವರಿಗೆ ಅದು ತಮ್ಮದೇ ಕೈಯಂತೆ ಕಾಣುತ್ತದೆ. ಬಲಗೈ ಸೋತಿದ್ದರೆ ಕೆಲಸದಲ್ಲಿ ಬಲಗೈಯೇ ಮುಂದಿರಬೇಕು. ಅಭ್ಯಾಸಕ್ಕೆ ಆರಿದ ಹಿಟ್ಟನ್ನೇ ಕೊಡಿ. ಸ್ಪರ್ಶ ಕುಂದಿದ ಕೈಗೆ ಬಿಸಿ ತಿಳಿಯದಿರಬಹುದು.

ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ, ಮುಂಗೈಯನ್ನು ಮೇಜಿನ ಮೇಲಿರಿಸಿ, ಟಿವಿ ಬಂದ್ ಮಾಡಿ. ಒಂದು ತುಣುಕನ್ನು ಸುಮಾರು ಮೂರು ನಿಮಿಷ ಮತ್ತೆ ಮತ್ತೆ ತೋರಿಸಿ. ಆಗ ಕೈ ಆಡಿಸುವುದು ಬೇಡ. ಬಳಿಕ ಎರಡು ನಿಮಿಷ ಯತ್ನ. ಬೆರಳು ಮಿಸುಕಿದರೂ ಸರಿ, ಮುಂದಿನ ತುಣುಕಿಗೆ ಹೋಗಿ. ಬರೀ ನೋಡಿಸಿ ಎಬ್ಬಿಸಿದರೆ ಅರ್ಧ ಚಿಕಿತ್ಸೆಯೂ ಆಗಲಿಲ್ಲ. ಸೋತ ತೋಳನ್ನು ಮಾತ್ರ ಎಳೆಯಬೇಡಿ, ಭುಜಕ್ಕೆ ಪೆಟ್ಟಾದೀತು. ಕೆಲವರಿಗೆ ಪರದೆಯ ಒಂದು ಬದಿ ಗಮನಕ್ಕೇ ಬರುವುದಿಲ್ಲ. ಅಂಥವರಿಗೆ ಮೊಬೈಲನ್ನು ಗಮನವಿರುವ ಬದಿಗೆ ಸರಿಸಿ.

ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೇ ಇರುವಂತೆ ಅನಿಸುವ ತಂತ್ರವಾದ ವರ್ಚುವಲ್ ರಿಯಾಲಿಟಿ ಇದನ್ನೇ ಆಟವಾಗಿಸುತ್ತದೆ. ಹಣ್ಣು ಕೀಳುವ, ಚೆಂಡು ಹಿಡಿಯುವ ಕೈ ಪರದೆಯೊಳಗೆ ಚಲಿಸುವುದರಿಂದ ಬೇಸರವಿಲ್ಲದೆ ಹೆಚ್ಚು ಬಾರಿ ಅಭ್ಯಾಸವಾಗುತ್ತದೆ. ಆದರೆ ತೋಳಿನ ಚೇತರಿಕೆಯಲ್ಲಿ ಅದು ರೂಢಿಯ ವ್ಯಾಯಾಮಕ್ಕಿಂತ ಮೇಲೆಂದು ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ಕೊಕ್ರೇನ್ ವಿಮರ್ಶೆ ಕಾಣಲಿಲ್ಲ. ವ್ಯಾಯಾಮದ ಜೊತೆಗೆ ಸೇರಿಸಿದಾಗ ಪ್ರಯೋಜನವಾಗಬಹುದು ಎಂದಿತು. ಆದ್ದರಿಂದ ಸಾಲ ಮಾಡಿ ಅದಕ್ಕಾಗಿ ಕಣ್ಣಿಗೆ ಹಾಕಿಕೊಳ್ಳುವ ಹೆಡ್‌ಸೆಟ್ ತರಬೇಕಿಲ್ಲ. ಸಿಕ್ಕಿದರೆ ಕೂತೇ ಬಳಸಲಿ, ಪಕ್ಕದಲ್ಲೊಬ್ಬರಿರಲಿ, ತಲೆಸುತ್ತು ಬಂದರೆ ತೆಗೆಯಿರಿ. ಅಪಸ್ಮಾರವಿದ್ದವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು.

ಅಭ್ಯಾಸದ ನಡುವೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಹೊಸದಾಗಿ ಬಲ ಕುಂದಿದರೆ, ಅದು ಮತ್ತೆ ಪಾರ್ಶ್ವವಾಯು ಬಡಿದ ಸೂಚನೆಯಿರಬಹುದು, ವಿಡಿಯೋ ಬದಿಗಿಟ್ಟು 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಘಟ್ಟದ ರಸ್ತೆಯ ಹೊತ್ತೂ ಅದರಲ್ಲೇ ಸೇರಿದೆ.