ಭಾನುವಾರ ಮನೆ ನೋಡೋಕೆ ಹೋಗಬೇಡಿ

ಹಾಸನದಲ್ಲಿ ಮನೆ ಕೊಳ್ಳುವವರು ಹೆಚ್ಚಾಗಿ ಒಂದೇ ಥರ ಮಾಡುತ್ತಾರೆ. ಭಾನುವಾರ ಹನ್ನೊಂದು ಗಂಟೆಗೆ ಬ್ರೋಕರ್ ಕಾರು ಹತ್ತುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ ನೋಡುತ್ತಾರೆ, ಅಡುಗೆಮನೆಯ ಡ್ರಾಯರ್ ಎಳೆದು ಬಿಡುತ್ತಾರೆ, ಕಾಫಿ ಕುಡಿದು ಅಡ್ವಾನ್ಸ್ ಮಾತಾಡುತ್ತಾರೆ. ನಲ್ಲಿ ತಿರುಗಿಸಿ ನೋಡಿದವರು ಕಡಿಮೆ. ನನ್ನ ಭಾವಮೈದ ಊರಾಚೆಯ ಒಂದು ಬಡಾವಣೆಯಲ್ಲಿ ಹೀಗೇ ಮನೆ ತಗೊಂಡ. ಗೃಹಪ್ರವೇಶದ ದಿನ ಬೇಳೆ ಕುದ್ದಿದ್ದೇ ಕುದ್ದಿದ್ದು, ಬೇಯಲೇ ಇಲ್ಲ. ಬಂದವರೆಲ್ಲ ಮಜ್ಜಿಗೆಹುಳಿಯಲ್ಲೇ ಊಟ ಮುಗಿಸಿ ಹೊರಟರು. ಬೋರ್‌ವೆಲ್ ನೀರು ಅಷ್ಟು ಗಡಸು.

ಅದಕ್ಕೇ ಈ ಲೇಖನ.

ಹೆಜ್ಜೆ 1: ಒಬ್ಬರೇ ಹೋಗಿ

ವಾರದ ದಿನ, ಬ್ರೋಕರ್ ಇಲ್ಲದೆ, ಬೈಕಿನಲ್ಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ. ರಾತ್ರಿ ಯಾಕೆ ಅಂದರೆ ಬೀದಿದೀಪ ಮತ್ತು ಬೀದಿನಾಯಿ, ಎರಡರ ಲೆಕ್ಕವೂ ಆಗಲೇ ಸಿಗುವುದು.

ಹೆಜ್ಜೆ 2: ನೀರು

ಎಲ್ಲರೂ ಎಡವುವುದು ಇಲ್ಲೇ. "ನೀರಿಗೆ ತೊಂದರೆ ಇಲ್ಲ ಸಾರ್, ಹೇಮಾವತಿ ನೀರು" ಅಂತ ಮಾರುವವರು ಹೇಳುತ್ತಾರೆ. ಊರಿಗೆ ಹೇಮಾವತಿ ನೀರು ಬರುವುದು ನಿಜ, ಗೊರೂರು ಅಣೆಕಟ್ಟೆ ಹತ್ತಿರದಲ್ಲೇ ಇದೆ. ಆದರೆ ಅಣೆಕಟ್ಟೆ ತುಂಬಿದ್ದಕ್ಕೂ ನಿಮ್ಮ ಬೀದಿಯ ಕೊನೇ ಮನೆಯ ನಲ್ಲಿಗೂ ಸಂಬಂಧ ಕಡಿಮೆ. ಮಾಲೀಕರನ್ನು ಕೇಳಬೇಡಿ. ಎದುರು ಮನೆ ಮುಂದೆ ರಂಗೋಲಿ ಹಾಕುತ್ತಿರುವವರನ್ನು ಕೇಳಿ. ಮೂರೇ ಪ್ರಶ್ನೆ: ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಎಷ್ಟು ಹೊತ್ತು? ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ರಾ?

ಆಮೇಲೆ ನೀರು ಬಿಡುವ ದಿನವೇ ಹೋಗಿ. ಇಪ್ಪತ್ತು ಲೀಟರ್ ಬಕೆಟ್ ಇಟ್ಟು ಮೊಬೈಲ್‌ನಲ್ಲಿ ಸಮಯ ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ ಆರುನೂರು ಲೀಟರ್. ಐದು ನಿಮಿಷ ಹಿಡಿದರೆ ಇನ್ನೂರ ನಲವತ್ತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ನಾಲ್ಕು ಜನರ ಮನೆಗೆ ದಿನಕ್ಕೆ 540. ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ 2,160 ಲೀಟರ್ ಹಿಡಿದಿಡಬೇಕು.

ಸಂಪ್ ಅಷ್ಟು ದೊಡ್ಡದಿದೆಯಾ? "ಐದು ಸಾವಿರ ಲೀಟರ್ ಸಂಪ್" ಅಂತ ಜಾಹೀರಾತಿನಲ್ಲಿರುತ್ತದೆ. ಟೇಪ್ ಹಿಡಿದು ಅಳೆಯಿರಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. ಐದು, ನಾಲ್ಕು, ನಾಲ್ಕು ಅಡಿಯ ಸಂಪ್‌ಗೆ 2,240 ಲೀಟರ್ ಅಷ್ಟೇ ಹಿಡಿಯುತ್ತದೆ. ಮುಚ್ಚಳ ತೆಗೆದಾಗ ಒಳಗೋಡೆಯ ಮೇಲೆ ನೀರಿನ ಗೆರೆ ಕಾಣುತ್ತದೆ. ಗೆರೆ ಅರ್ಧದಲ್ಲೇ ನಿಂತಿದ್ದರೆ ಸಂಪ್ ಯಾವತ್ತೂ ತುಂಬಿಲ್ಲ, ಅಥವಾ ಅಲ್ಲೇ ಎಲ್ಲೋ ಸೋರುತ್ತಿದೆ.

ಬೋರ್‌ವೆಲ್ ನೀರಾದರೆ ಒಂದು ಬಾಟಲಿ ಮನೆಗೆ ತನ್ನಿ. ಮೊದಲು ಸ್ವಲ್ಪ ನೀರಿಗೆ ಸೋಪಿನ ಚೂರು ಹಾಕಿ ಅಲುಗಿಸಿ. ನೊರೆ ಬರದೆ ಬಿಳಿ ಗಷ್ಟು ಕೂತರೆ ಗಡಸು ನೀರು. ಉಳಿದದ್ದರಲ್ಲಿ ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡಿ. ಆ ಮನೆಯ ಬಚ್ಚಲಿನ ನಲ್ಲಿಯ ಬುಡವನ್ನೂ ನೋಡಿ. ಸುಣ್ಣದಂಥ ಬಿಳಿ ಪಟ್ಟೆ ಕಟ್ಟಿದ್ದರೆ ಗೀಸರ್ ಕಾಯಿಲ್‌ನ ಗತಿಯೂ ಅದೇ.

ಪೈಪಿಗೆ ಅಯಸ್ಕಾಂತ ಕಟ್ಟಿದರೆ ನೀರು ಮೆದುವಾಗುತ್ತೆ ಅಂತ ಒಂದು ಡಬ್ಬಿ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ಹೆದರಿಸಿ ಫಿಲ್ಟರ್ ಮಾರುವವರನ್ನೂ ನಂಬಬೇಡಿ. ಅದು ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಅಂದಾಜು ಕೊಡುತ್ತದೆ. ರೋಗಾಣು ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗಲ್ಲ.

ಹೆಜ್ಜೆ 3: ಪಶ್ಚಿಮದ ಗೋಡೆ

ನಮ್ಮ ಕಡೆ ಮುಂಗಾರು ಬಡಿಯುವುದು ನೈಋತ್ಯದಿಂದ. ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳೇ ಮೊದಲು ತೇವ ಕುಡಿಯುತ್ತವೆ. ಆಗುವುದಾದರೆ ಜುಲೈ, ಆಗಸ್ಟ್‌ನಲ್ಲೇ ಮನೆ ನೋಡಿ. ಬೇಸಿಗೆಯಲ್ಲಿ ನೋಡುವುದಾದರೆ ಆ ಗೋಡೆಗೆ ಒರಗಿದ ಬೀರು ಸರಿಸಲು ಹೇಳಿ. ಹಿಂದೆ ಬೂಷ್ಟಿನ ವಾಸನೆ ಬಂದರೆ ಮುಗಿಯಿತು. ಗೆಣ್ಣಿನಿಂದ ಗೋಡೆ ಕುಟ್ಟಿ. ಪುಟ್ಟಿ ಬಿಟ್ಟುಕೊಂಡಿದ್ದರೆ ಟೊಳ್ಳು ಶಬ್ದ ಬರುತ್ತದೆ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. "ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೀವಿ" ಎಂಬುದು ನನ್ನ ಲೆಕ್ಕದಲ್ಲಿ ತಪ್ಪೊಪ್ಪಿಗೆ. ಒಳಗಿನಿಂದ ಬಳಿದ ಬಣ್ಣ ಹೊರಗಿನ ಬಿರುಕನ್ನು ಮುಚ್ಚುತ್ತಾ?

ಕಾಂಪೌಂಡಿನ ಹೊರಮೈಯಲ್ಲಿ ಮಣ್ಣಿನ ಗೆರೆ ಇದೆಯಾ ಅಂತಲೂ ನೋಡಿ. ಮಳೆಗಾಲದಲ್ಲಿ ನೀರು ಎಷ್ಟೆತ್ತರ ನಿಂತಿತ್ತು ಅನ್ನುವುದನ್ನು ಅದು ಹೇಳುತ್ತದೆ. ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಗೇಟಿನ ಮುಂದೆ ನಿಲ್ಲಿ. ಸರ್ಕಾರದ್ದೇ, ಪುಕ್ಕಟೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಪಕ್ಕದಲ್ಲಿ ಕೆರೆ, ಹಳ್ಳ, ಕಾಲುವೆ ಇದ್ದರೆ ಅದೂ ಕಾಣುತ್ತದೆ. ಆ ನಂಬರ್ ಕ್ರಯಪತ್ರದ ನಂಬರಿಗೆ ತಾಳೆ ಆಗದಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಮೊಬೈಲ್ ಕೆಲವು ಮೀಟರ್ ಆಚೀಚೆ ತೋರಿಸುವುದುಂಟು. ಜಾಗ ಗಡಿಯಲ್ಲೇ ಇದ್ದರೆ ಸರ್ವೆಯವರಿಂದ ಅಳತೆ ಮಾಡಿಸಲೇಬೇಕು.

ಹೆಜ್ಜೆ 4: ಚರಂಡಿ

ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಒಳಚರಂಡಿಗೆ ಅಂದರೆ ಮ್ಯಾನ್‌ಹೋಲ್ ತೋರಿಸಲು ಹೇಳಿ. ಪಿಟ್‌ಗೆ ಅಂದರೆ ಪಿಟ್ ಎಲ್ಲಿದೆ, ಬೋರ್‌ವೆಲ್ ಎಷ್ಟು ದೂರ ನೋಡಿ.

ಹೆಜ್ಜೆ 5: ಓಡಾಟ

"ಬಸ್‌ಸ್ಟ್ಯಾಂಡಿಗೆ ಹತ್ತೇ ನಿಮಿಷ" ಎಂಬ ಮಾತನ್ನು ಬೆಳಿಗ್ಗೆ ಎಂಟೂವರೆಗೆ, ಶಾಲಾ ವ್ಯಾನ್‌ಗಳ ನಡುವೆ ಪರೀಕ್ಷೆ ಮಾಡಿ. ಸಾಲಗಾಮೆ ರಸ್ತೆಯೋ, ಬಿ.ಎಂ. ರಸ್ತೆಯೋ, ನಿಮ್ಮ ದಾರಿ ಯಾವುದೋ ಅದರಲ್ಲೇ. ಹಳೇ ಊರಿನ ಕಡೆ ಮನೆಯಾದರೆ ಇನ್ನೊಂದು ಲೆಕ್ಕ ಇದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ತೆಗೆದರೆ ದೀಪಾವಳಿವರೆಗೂ ಜನವೋ ಜನ. ಆ ದಿನಗಳಲ್ಲಿ ಕಾರು ಹೊರಗೆ ತೆಗೆಯುವ ಆಸೆ ಬಿಡಿ. ನನಗೇನೋ ಆ ಗಲಾಟೆ ಇಷ್ಟ. ಮನೆ ತುಂಬ ನೆಂಟರು ಬಂದು ಕೂರುತ್ತಾರೆ, ಅದೊಂದೇ ಕಷ್ಟ.

ಹೆಜ್ಜೆ 6: ಕಾಗದ

ಇದಕ್ಕೆ ವಕೀಲರಿದ್ದಾರೆ. ಬ್ರೋಕರ್ ಹೇಳಿದವರು ಬೇಡ, ನೀವೇ ಹುಡುಕಿದವರಿರಲಿ. 30 ವರ್ಷದ ಇ.ಸಿ. ತೆಗೆಸಿ, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ. ಇ-ಖಾತಾ (ಆಸ್ತಿಯ ಆನ್‌ಲೈನ್ ಖಾತೆ) ಇಲ್ಲದಿದ್ದರೆ ರಿಜಿಸ್ಟ್ರೇಷನ್ ಆಗಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯ್ತಿ ಕೊಡುವ ಖಾತೆ ದಾಖಲೆ, ಅಂದರೆ ಫಾರಂ 9 ಮತ್ತು 11 ಕೇಳಿ. 11ಬಿ ಅಂದರೆ ನಿಯಮದ ಪ್ರಕಾರ ಇಲ್ಲದ ಆಸ್ತಿಗೆ ಕೊಡುವ ದಾಖಲೆ. "11ಬಿ ಇದೆ, ಮುಂದೆ ಸರಿಹೋಗುತ್ತೆ" ಅಂದರೆ ಸರಿಹೋದ ಮೇಲೆ ಬರ್ತೀವಿ ಅನ್ನಿ.

ಮೂಲ ಜಮೀನು ಸರ್ಕಾರ ಪರಿಶಿಷ್ಟರಿಗೆ ಕೊಟ್ಟದ್ದಾ ಅಂತ ತಪ್ಪದೆ ವಿಚಾರಿಸಿ. 1978ರ ಪಿಟಿಸಿಎಲ್ (ಪರಿಶಿಷ್ಟರ ಜಮೀನು ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿ ಬಂದ ಮೇಲೆ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಮೂವತ್ತು ವರ್ಷದ ಇ.ಸಿ. ಮಾತ್ರ ನೋಡಿದರೆ ಇದು ಗೊತ್ತಾಗದೇ ಹೋಗಬಹುದು, ಮಂಜೂರಾತಿ ಅದಕ್ಕಿಂತ ಹಳೇದಿರುತ್ತದೆ.

ಬಜೆಟ್ ಹಾಕುವಾಗ ಹಳೇ ಲೆಕ್ಕ ಬೇಡ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕ ಅದರ ಮೇಲೆ ಬೇರೆ.

ಕೊನೆಗೆ ಬೀಗದ ಕೈ ಕೈಗೆ ಬಂದ ದಿನ ಕರೆಂಟ್ ಮೀಟರಿನ ಮುಂದೆ ನಿಂತು ರೀಡಿಂಗ್‌ನ ಫೋಟೊ ತೆಗೆದುಕೊಳ್ಳಿ. ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ನಂಬರ್) ಬರೆದುಕೊಂಡು ಕರೆಂಟ್ ಕಂಪನಿ ಸೆಸ್ಕ್‌ನಲ್ಲಿ ಬಾಕಿ ಎಷ್ಟಿದೆ ಅಂತ ಅವತ್ತೇ ಕೇಳಿ. ನಲ್ಲಿ ಕಂದಾಯದ ಬಾಕಿಯನ್ನೂ ಕೇಳಿ. ಬಾಕಿ ಇದ್ದರೆ ಹಳೇ ಮಾಲೀಕರು ಇನ್ನೂ ಕಾಫಿ ಕುಡಿಯುತ್ತಾ ಕೂತಿರುವಾಗಲೇ ಹೇಳಿಬಿಡಿ.