ಡ್ರಿಂಕ್ಸ್ ರಿಸೆಪ್ಶನ್ ಜವಾಬ್ದಾರಿ ನಿಮ್ ತಲೆ ಮೇಲೆ ಬಿದ್ರೆ, ಬಾಟಲಿಗಿಂತ ಮೊದ್ಲು ಐಸ್ ಬಗ್ಗೆ ಯೋಚ್ನೆ ಮಾಡಿ

ನಮ್ ಊರು ಬಿಟ್ಟು ಇಲ್ಲಿಗೆ ಹೊಸದಾಗಿ ಬಂದಿರೋರು ವರ್ಷಕ್ಕೆ ಒಬ್ರಾದ್ರೂ ನನ್ನ ಕೇಳ್ತಾರೆ, "ಫ್ರೆಂಡ್ ಮದುವೆ, ಡ್ರಿಂಕ್ಸ್ ರಿಸೆಪ್ಶನ್ ನೀನೇ ನೋಡ್ಕೋ ಅಂದ್ಬಿಟ್ಟಿದಾರೆ, ಯಾವ ವೈನ್ ತರ್ಲಿ?" ಅಂತ. ಯಾವ ವೈನ್ ಅನ್ನೋದು ಕೊನೇ ಪ್ರಶ್ನೆ ಮಾರಾಯ್ರೆ. ವೈನ್ ಸುಮಾರಾಗಿತ್ತು ಅಂತ ಕೆಟ್ಟ ಮದುವೆ ನಾನು ಒಂದೂ ನೋಡಿಲ್ಲ, ಆದ್ರೆ ಐಸ್ ಖಾಲಿಯಾಗಿ, ಗ್ಲಾಸ್ ಸಾಲ್ದೆ, ಬಾರ್ ಮುಂದೆ ಇಪ್ಪತ್ತು ಜನ ಕ್ಯೂ ನಿಂತು ಬೆವರ್ತಾ ಬೈಕೊಂಡಿದ್ದು ಬೇಕಾದಷ್ಟು ನೋಡಿದೀನಿ.

ಮೊದ್ಲು ಇದೇನು ಅಂತ ಹೇಳ್ಬಿಡ್ತೀನಿ, ರಿಸೆಪ್ಶನ್ ಅಂದ ತಕ್ಷಣ ನಮ್ ತಲೇಲಿ ಬರೋದೇ ಬೇರೆ. ಇದು ಮದುವೆ ಶಾಸ್ತ್ರ ಮುಗಿದು ಊಟಕ್ಕೆ ಕೂರೋದ್ರೊಳಗೆ ಇರೋ ಒಂದು, ಒಂದೂವರೆ ಗಂಟೆ. ಹುಡುಗ ಹುಡುಗಿ ಫೋಟೋಗೆ ಹೋಗಿರ್ತಾರೆ, ಅವ್ರ ಅಪ್ಪ ಅಮ್ಮನೂ ಅಲ್ಲೇ ಸಿಕ್ಕಾಕೊಂಡಿರ್ತಾರೆ, ಬಂದ ಜನಕ್ಕೆ ಮನೆಯವ್ರು ಅಂತ ಯಾರೂ ಇರಲ್ಲ, ಆ ಹೊತ್ತಿಗೆ ಮನೆಯವ್ರು ನೀವೇ. ಅದನ್ನ ಮರೀಬೇಡಿ, ಎರಡು ಗಂಟೆ ಮಟ್ಟಿಗೆ ನಿಮ್ ಕೈಲಿ ಗ್ಲಾಸ್ ಇರಬಾರ್ದು.

ಲೆಕ್ಕ ಹಿಂಗೆ ಹಾಕಿ. ಕುಡಿಯೋರಿಗೆ ಮೊದಲ ಗಂಟೆಗೆ ಎರಡು ಗ್ಲಾಸ್, ಆಮೇಲೆ ಗಂಟೆಗೊಂದು. ನೂರು ಜನ ಬರ್ತಾರೆ, ಅದ್ರಲ್ಲಿ ಇಪ್ಪತ್ತೈದು ಜನ ಕುಡಿಯಲ್ಲ ಅನ್ಕೊಳ್ಳಿ, ಒಂದೂವರೆ ಗಂಟೆಗೆ ತಲಾ ಮೂರು ಅಂತ ಧಾರಾಳವಾಗಿ ಹಿಡಿದ್ರೆ 225 ಗ್ಲಾಸ್. 750 ಎಂಎಲ್ ಬಾಟಲಿಲಿ ಸ್ಪಾರ್ಕ್ಲಿಂಗ್ ವೈನ್ (ಶಾಂಪೇನ್ ಥರ ಗುಳ್ಳೆ ಬರೋದು) 125 ಎಂಎಲ್ ಲೆಕ್ಕದಲ್ಲಿ ಆರು ಗ್ಲಾಸ್ ಬರುತ್ತೆ, ಅಂದ್ರೆ ಬರೀ ಅದನ್ನೇ ಕೊಟ್ರೂ 38 ಬಾಟಲಿ. ಮಾಮೂಲಿ ವೈನ್ 150 ಎಂಎಲ್ ಸುರಿದ್ರೆ ಐದೇ ಗ್ಲಾಸ್. ಬಿಯರ್ ಆದ್ರೆ 330 ಎಂಎಲ್ ಬಾಟಲಿ ಒಂದು ಗ್ಲಾಸ್ ಲೆಕ್ಕ. ಬಿಯರ್ ಎಷ್ಟು ವೈನ್ ಎಷ್ಟು ಅನ್ನೋದು ಬರೋ ಜನ ಯಾರು ಅಂತ ಗೊತ್ತಿರೋ ನಿಮಗೇ ಬಿಟ್ಟಿದ್ದು, ನಾನು ಹೇಳಿದ್ರೆ ತಪ್ಪಾಗುತ್ತೆ. ಸ್ಪಿರಿಟ್ಸ್ ಫುಲ್ ಬಾರ್ ಮಾತ್ರ ಬೇಡ ಅಂತೀನಿ, ಒಬ್ಬ ಜಿನ್ ಕೇಳ್ತಾನೆ, ಇನ್ನೊಬ್ಬ ವಿಸ್ಕಿಗೆ ಸೋಡಾ ಕೇಳ್ತಾನೆ, ಒಂದೊಂದು ಗ್ಲಾಸಿಗೂ ಎರಡೆರಡು ನಿಮಿಷ, ಅಷ್ಟರಲ್ಲಿ ಕ್ಯೂ ಬಾಗಿಲಾಚೆ ಹೋಗಿರುತ್ತೆ. ಕಾಕ್‌ಟೇಲ್ ಬೇಕೇ ಬೇಕು ಅಂದ್ರೆ ಒಂದೇ ಒಂದು ಥರದ್ದು ಜಗ್ಗಲ್ಲಿ ಮೊದ್ಲೇ ಬೆರೆಸಿಡಿ. ನಿಂಬೆರಸ ಅವತ್ತೇ ಹಿಂಡಿ, ಸೋಡಾ ಕೊಡೋ ಹೊತ್ತಿಗೆ ಮಾತ್ರ ಹಾಕಿ.

ಈಗ ಐಸ್. ತಲೆಗೆ ಅರ್ಧದಿಂದ ಮುಕ್ಕಾಲು ಕೆಜಿ, ಬಿಸಿಲಲ್ಲಿ ಹೊರಗಡೆ ಇಟ್ಕೊಂಡ್ರೆ ಒಂದು ಕೆಜಿ. ಹೌದು, ನೂರು ಜನಕ್ಕೆ ಐವತ್ತು ಕೆಜಿ ಮೇಲೇನೇ, ಕೇಳಿದ್ರೆ ಹುಚ್ಚು ಅನ್ಸುತ್ತೆ, ಆದ್ರೆ ಅದ್ರಲ್ಲಿ ಬಹಳಷ್ಟು ಗ್ಲಾಸಿಗಲ್ಲ, ಬಾಟಲಿ ತಣ್ಣಗೆ ಮಾಡೋಕೆ ಹೋಗುತ್ತೆ. ಮನೆ ಫ್ರಿಜ್ಜಲ್ಲಿ ಬಾಟಲಿ ತಣ್ಣಗಾಗೋಕೆ ಮೂರು ಗಂಟೆ ಬೇಕು, ಮೂವತ್ತೆಂಟು ಬಾಟಲಿ ಯಾರ ಫ್ರಿಜ್ಜಲ್ಲಿ ಹಿಡಿಯುತ್ತೆ ಹೇಳಿ. ದೊಡ್ಡ ಟಬ್ಬಲ್ಲಿ ಐಸ್ ಹಾಕಿ ಮೇಲೆ ನೀರು ಸುರೀರಿ, ಅರ್ಧ ಗಂಟೇಲಿ ಆಗೋಗುತ್ತೆ. ಬರೀ ಐಸ್ ಹಾಕಿದ್ರೆ ತುಂಡುಗಳ ಮಧ್ಯೆ ಗಾಳಿನೇ ಇರುತ್ತೆ, ಬಾಟಲಿಗೆ ತಂಪು ಮುಟ್ಟಲ್ಲ, ನೀರಿದ್ರೆ ಸುತ್ತಲೂ ತಬ್ಕೊಳ್ಳುತ್ತೆ. ಎರಡು ಹಿಡಿ ಉಪ್ಪು ಹಾಕಿದ್ರೆ ಇನ್ನೂ ಬೇಗ. ಆ ಟಬ್ಬಿನ ಐಸ್ ಮಾತ್ರ ಗ್ಲಾಸಿಗೆ ಹಾಕ್ಬೇಡಿ, ಕುಡಿಯೋಕೆ ಬೇರೆ ಮುಚ್ಚಿದ ಡಬ್ಬಿ, ಬೇರೆ ಸೌಟು.

ಮತ್ತೆ ಎಲ್ಲಾ ಬಾಟಲೀನೂ ಒಟ್ಟಿಗೆ ನೀರಿಗಿಳಿಸ್ಬೇಡಿ. ಎಷ್ಟೋ ಅಂಗಡಿಗಳಲ್ಲಿ ಓಪನ್ ಮಾಡದೇ ಉಳಿದಿದ್ದನ್ನ ವಾಪಸ್ ತಗೋತಾರೆ, ಆದ್ರೆ ಲೇಬಲ್ ನೆಂದು ಕಿತ್ತು ಬಂದಿದ್ರೆ ಮುಟ್ಟಲ್ಲ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಶಿಸ್ತಿನ ಸಿಪಾಯಿ ಥರ ಬೆಳಿಗ್ಗೇನೇ ಎಲ್ಲಾ ಬಾಟಲಿ ಟಬ್ಬಿಗೆ ಹಾಕ್ಬಿಟ್ಟೆ, ಸಂಜೆ ಹನ್ನೊಂದು ಉಳೀತು, ಮೈ ಮೇಲೆ ಲೇಬಲ್ ಇಲ್ಲ, ಟಬ್ಬಿನ ತಳದಲ್ಲಿ ಕಾಗದದ ಗಂಜಿ. ಆ ಹನ್ನೊಂದು ಬಾಟಲಿ ನಮ್ ಮನೆ ಅಟ್ಟದ ಮೇಲೆ ತುಂಬಾ ದಿನ ಇತ್ತು, ನನ್ ಹೆಂಡ್ತಿ ಬಂದೋರಿಗೆಲ್ಲಾ ತೋರ್ಸೋಳು.

ಸ್ಪಾರ್ಕ್ಲಿಂಗ್ ಬಾಟಲಿ ಓಪನ್ ಮಾಡೋದು ಗೊತ್ತಿಲ್ದೆ ಇದ್ರೆ ಹಿಂದಿನ ವಾರ ಮನೇಲಿ ಒಂದು ಓಪನ್ ಮಾಡಿ ನೋಡಿ. ಶಾಂಪೇನ್ ಬಾಟಲಿ ಒಳಗೆ ಐದಾರು ಅಟ್ಮಾಸ್ಫಿಯರ್ ಪ್ರೆಶರ್ ಇರುತ್ತೆ, ಕಾರ್ ಟೈರಿಗಿಂತ ಎಷ್ಟೋ ಜಾಸ್ತಿ, ಕಾರ್ಕ್ ಕಣ್ಣಿಗೆ ಬಡಿದ್ರೆ ತಮಾಷೆ ಅಲ್ಲ. ಕಾರ್ಕ್ ಸುತ್ತ ಬಿಗಿದಿರೋ ತಂತಿ ಬಿಚ್ಚೋಕೆ ಶುರು ಮಾಡಿದ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿಂದ ತೆಗೀಬಾರ್ದು. ತಂತಿನ ಆರು ಅರ್ಧ ಸುತ್ತು ತಿರುಗಿಸಿ, ಬಾಟಲಿನ ಓರೆಯಾಗಿ, ಜನ ಇಲ್ಲದ ಕಡೆಗೆ ಹಿಡೀರಿ, ಕಾರ್ಕ್ ಗಟ್ಟಿಯಾಗಿ ಹಿಡಿದು ಬಾಟಲಿನ ತಿರುಗಿಸಿ. ಢಂ ಅನ್ನಬಾರ್ದು, ಉಸ್ ಅನ್ಬೇಕು. ಬೆಚ್ಚಗಿರೋ ಬಾಟಲಿ ಓಪನ್ ಮಾಡಿದ್ರೆ ಅರ್ಧ ನೊರೆಯಾಗಿ ನೆಲಕ್ಕೆ ಹೋಗುತ್ತೆ, ಅದಕ್ಕೇ ಮತ್ತೆ ಹೇಳ್ತಿದೀನಿ, ಐಸ್.

ಜನ ಬರೋಕೆ ಹತ್ತು ನಿಮಿಷ ಮುಂಚೆ ಸುರಿಯೋಕೆ ಶುರು ಮಾಡಿ, ಅರ್ಧ ಗಂಟೆ ಮುಂಚೆ ಸುರಿದ್ರೆ ಗುಳ್ಳೆ ಹೋಗಿರುತ್ತೆ. ಬಾಗಿಲಲ್ಲೇ ಇಬ್ರು ಟ್ರೇ ಹಿಡ್ಕೊಂಡು ನಿಂತ್ರೆ ಮೊದಲ ಹದಿನೈದು ನಿಮಿಷದ ನೂಕುನುಗ್ಗಲು ಬಾರ್ ತನಕ ಹೋಗೋದೇ ಇಲ್ಲ. ಬಾರಲ್ಲಿ ಐವತ್ತು ಜನಕ್ಕೆ ಒಬ್ರು ಸಾಕು. ಗ್ಲಾಸ್ ತಲೆಗೆ ಎರಡು ಬಾಡಿಗೆಗೆ ತನ್ನಿ, ಯಾಕಂದ್ರೆ ಜನ ಫೋಟೋಗೆ ಅಂತ ಗ್ಲಾಸ್ ಎಲ್ಲೋ ಇಟ್ಟು ಮರೆತು ಹೊಸದು ಎತ್ಕೋತಾರೆ.

ಕುಡಿಯದೇ ಇರೋರ ವಿಷಯಕ್ಕೆ ಬರ್ತೀನಿ, ಇಲ್ಲೇ ಎಲ್ರೂ ಎಡವೋದು. ಡ್ರೈವ್ ಮಾಡೋರು, ಬಸುರಿಯರು, ಮಾತ್ರೆ ತಗೊಳ್ಳೋರು, ಮಕ್ಳು, ಸುಮ್ನೆ ಬೇಡ ಅನ್ನೋರು. ಅವ್ರಿಗೆ ಮೂಲೇಲಿ ಒಂದು ಪ್ಲಾಸ್ಟಿಕ್ ಲೋಟ, ಬೆಚ್ಚಗಿನ ಕೋಲಾ ಅಂತ ಮಾಡ್ಬೇಡಿ, ಅದೇ ಚೆಂದದ ಗ್ಲಾಸಲ್ಲಿ, ಅಷ್ಟೇ ತಣ್ಣಗೆ ಕೊಡಿ. ಆದ್ರೆ ಟ್ರೇ ಬೇರೆ, ಬಣ್ಣ ಬೇರೆ. ಒಂದು ಮದುವೇಲಿ ಕ್ಯಾಟರಿಂಗ್ ಹುಡುಗ್ರು ಕಿತ್ತಳೆ ಜ್ಯೂಸು, ಮಿಮೋಸಾ ಎರಡನ್ನೂ ಒಂದೇ ಟ್ರೇಲಿ ತಂದ್ರು. ಮಿಮೋಸಾ ಅಂದ್ರೆ ಅದೇ ಜ್ಯೂಸಿಗೆ ಸ್ಪಾರ್ಕ್ಲಿಂಗ್ ವೈನ್ ಬೆರೆಸಿದ್ದು, ನೋಡೋಕೆ ಅವಳಿ ಜವಳಿ. ಜನ್ಮದಲ್ಲಿ ಮುಟ್ಟದೇ ಇದ್ದ ಹಿರಿಯರೊಬ್ರು ಎರಡು ಗ್ಲಾಸ್ ಮುಗಿಸಿ, "ಜ್ಯೂಸ್ ಸ್ವಲ್ಪ ಹುಳಿ ಬಂದಂಗಿದೆ ಕಣಪ್ಪ, ಆದ್ರೂ ಚೆನ್ನಾಗಿದೆ" ಅಂತ ಮೂರನೇದಕ್ಕೆ ಕೈ ಹಾಕಿದಾಗ ನಂಗೆ ಗೊತ್ತಾಗಿದ್ದು. ನಾವು ನಕ್ಕಿದ್ದು ಆಮೇಲೆ, ಅವತ್ತು ಅವ್ರು ಯಾರ ಜೊತೇನೂ ಮಾತಾಡ್ಲಿಲ್ಲ. ಹಾಗಾಗಿ ದೊಡ್ಡಕ್ಷರದಲ್ಲಿ ಬೋರ್ಡ್ ಹಾಕಿ, ಟ್ರೇ ಹಿಡಿಯೋರಿಗೆ ಬಾಯಿಬಿಟ್ಟು ಹೇಳೋಕೂ ಹೇಳಿ. ನೀರು ತಲೆಗೆ ಅರ್ಧ ಲೀಟರ್ ಆದ್ರೂ ಇರ್ಲಿ, ಕುಡಿಯೋರಿಗೂ ಸೇರಿಸಿ.

ಇನ್ನು ಹಾಲ್‌ನೋರ ಹತ್ರ ಮೊದ್ಲೇ ಕೇಳಿ ಬರವಣಿಗೇಲಿ ತಗೊಳ್ಳಿ: ಹೊರಗಿನ ಬಾಟಲಿ ತರಬಹುದಾ, ತಂದ್ರೆ ಕಾರ್ಕೇಜ್ (ಹೊರಗಿಂದ ತಂದು ಓಪನ್ ಮಾಡಿದ ಬಾಟಲಿಗೆ ಇಷ್ಟು ಅಂತ ಹಾಲ್‌ನೋರು ಹಾಕೋ ಚಾರ್ಜು) ಎಷ್ಟು, ಲೈಸೆನ್ಸ್ ಯಾರ ಹೆಸ್ರಲ್ಲಿ, ಎಷ್ಟು ಗಂಟೆ ತನಕ. ಫ್ರೀಯಾಗಿ ಕೊಡೋದಕ್ಕೂ ದುಡ್ಡಿಗೆ ಮಾರೋದಕ್ಕೂ ಕಾನೂನು ಸಾಮಾನ್ಯವಾಗಿ ಬೇರೆ ಬೇರೆ, ವಯಸ್ಸಿನ ಮಿತಿ ಒಂದು ಕಡೆ 18 ಇನ್ನೊಂದು ಕಡೆ 21, ನೀವಿರೋ ಊರಿಂದು ನೋಡ್ಕೊಳ್ಳಿ, ಊರಲ್ಲಿ ಹಿಂಗಿತ್ತು ಅಂತ ಇಲ್ಲಿ ವಾದ ಮಾಡೋಕಾಗಲ್ಲ. ವಾಪಸ್ ಹೋಗೋಕೆ ಟ್ಯಾಕ್ಸಿ ನಂಬರು ಬಾರ್ ಪಕ್ಕದಲ್ಲೇ ಅಂಟಿಸಿ.

ಕಾರ್ಕೇಜ್ ಇದ್ರೆ ಖಾಲಿ ಬಾಟಲಿನೆಲ್ಲಾ ಒಂದೇ ಕ್ರೇಟಲ್ಲಿ ಇಡಿಸಿ, ಕ್ಲೀನಿಂಗ್‌ನೋರು ಎತ್ಕೊಂಡು ಹೋಗೋಕೆ ಮುಂಚೆ ಹಾಲ್ ಮ್ಯಾನೇಜರ್‌ನ ಕರ್ಕೊಂಡು ಬಂದು ಇಬ್ರೂ ಒಟ್ಟಿಗೆ ಎಣಿಸಿ, ಫೋಟೋ ತೆಕ್ಕೊಳ್ಳಿ, ಆಮೇಲೆ ಬೇಕಾದ್ರೆ ನೀವೊಂದು ಗ್ಲಾಸ್ ಹಿಡ್ಕೊಳ್ಳಿ, ಟಬ್ಬಲ್ಲಿ ಐಸ್ ಉಳಿದಿದ್ರೆ.