ಗಣಿತ, ಜರ್ಮನ್ ಎರಡನ್ನೂ ಒಟ್ಟಿಗೆ ಓದಿದ್ದು: ದಾವಣಗೆರೆಯಿಂದ ನನ್ನ ಅನುಭವ

ಟೆಸ್ಟ್‌ಡಾಫ್ (ಜರ್ಮನ್ ವಿಶ್ವವಿದ್ಯಾಲಯ ಸೇರೋಕೆ ಬರೆಯುವ ಭಾಷಾ ಪರೀಕ್ಷೆ) ಫಲಿತಾಂಶ ಬಂದಿದೆ. ನಾಲ್ಕೂ ವಿಭಾಗದಲ್ಲಿ 4. ಜರ್ಮನ್ ಮಾಧ್ಯಮದಲ್ಲೇ ಓದೋಕೆ ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಿಗೆ ಭಾಷೆ ಕಡೆಯಿಂದ ಇಷ್ಟು ಸಾಕು. ಬಿ.ಎಸ್ಸಿ ಗಣಿತ ಒಳ್ಳೆ ಅಂಕದಲ್ಲಿ ಮುಗಿದಿದೆ, ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಕೊನೆ ಸೆಮಿಸ್ಟರ್ ನಡೀತಿದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಕೆಡುತ್ತವೆ ಅಂತ ಹೇಳಿದವರು ಬಹಳ ಜನ. "ಜರ್ಮನ್ ಕಲ್ತು ಈ ಊರಾಗೆ ಯಾರ ಹತ್ರ ಮಾತಾಡ್ತೀಯಲೇ ತಮ್ಮಾ, ಬ್ಯಾಂಕ್ ಪರೀಕ್ಷೆ ಕಟ್ಟು" ಅಂತ ನಮ್ಮ ಸೋದರಮಾವ ಮೂರು ವರ್ಷ ಹೇಳುತ್ತಲೇ ಇದ್ದರು. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಅಂತ ಮೇಲಕ್ಕೆ ಹೋಗುತ್ತವೆ ಅನ್ನೋದಷ್ಟು ಗೊತ್ತಿದ್ದರೆ ಇಲ್ಲಿ ಸಾಕು.

ಈ ಜೋಡಿ ನಮ್ಮ ಕಡೆ ವಿಚಿತ್ರ ಅನ್ನಿಸುತ್ತೆ ಅಷ್ಟೇ. ಬ್ರಿಟನ್ನಿನಲ್ಲಿ ಗಣಿತ ಮತ್ತು ಜರ್ಮನ್ ಸೇರಿಸಿ ಒಂದೇ ಪದವಿ ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷ, ಅದರಲ್ಲಿ ಮೂರನೇ ವರ್ಷ ಜರ್ಮನ್ ಮಾತಾಡುವ ದೇಶದಲ್ಲಿ ಕಳೆಯಬೇಕು. ಜರ್ಮನಿಯಲ್ಲಿ ಗಿಮ್ನಾಸಿಯಂ (ವಿಶ್ವವಿದ್ಯಾಲಯಕ್ಕೆ ತಯಾರು ಮಾಡುವ ಅಲ್ಲಿನ ಹೈಸ್ಕೂಲು) ಮೇಷ್ಟ್ರಾಗಬೇಕು ಅನ್ನುವವರು ಎರಡು ವಿಷಯ ಓದಲೇಬೇಕು. ಗಣಿತದ ಜೊತೆ ಜರ್ಮನ್ ತಗೊಳ್ಳುವವರು ಅಲ್ಲಿ ಇದ್ದೇ ಇರುತ್ತಾರೆ. ಪಿಯುಸಿ ಮುಗಿದಾಗ ಇದನ್ನೆಲ್ಲ ಓದಿ ನನಗೂ ಆಸೆ ಆಯಿತು. ಆದರೆ ಬ್ರಿಟನ್ನಿನ ಫೀಸು ನಮ್ಮ ಮನೆಯ ಲೆಕ್ಕಕ್ಕೆ ಬರುವಂಥದ್ದಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ ನಿಜ, ಆದರೆ ವೀಸಾಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಒಂದು ವರ್ಷದ ಖರ್ಚು ಮೊದಲೇ ಇಡಬೇಕು, 2024ರ ಕೊನೆಯ ಲೆಕ್ಕದಲ್ಲಿ ಅದು 11,904 ಯೂರೊ ಇತ್ತು. ಅಪ್ಪನ ಮಂಡಕ್ಕಿ ವ್ಯಾಪಾರದಲ್ಲಿ ಅಷ್ಟು ದುಡ್ಡು ಒಟ್ಟಿಗೆ ತೆಗೆಯೋದು ಆಗದ ಮಾತು. ಆದ್ದರಿಂದ ಆ ಜಂಟಿ ಪದವಿಯನ್ನ ಇಲ್ಲೇ ಕೂತು ಕಟ್ಟಿಕೊಳ್ಳೋಣ ಅಂದುಕೊಂಡೆ. ಕಾಲೇಜಿನಲ್ಲಿ ಪಿಎಂಸಿ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್), ಜರ್ಮನ್ ಸ್ವಂತ ಓದು, ಪರೀಕ್ಷೆ ಮಾತ್ರ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಅಂದರೆ ಜರ್ಮನಿಯ ಗೋಥೆ ಸಂಸ್ಥೆಯ ಭಾಷಾ ಕೇಂದ್ರದಲ್ಲಿ. ಏಕಕಾಲಕ್ಕೆ ಎರಡು ಕೋರ್ಸ್ ಮಾಡಬಹುದು ಅಂತ ಯುಜಿಸಿ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ನಾನು ಅದಕ್ಕೂ ಮುಂಚೆಯೇ ಶುರು ಮಾಡಿದ್ದೆ, ನನ್ನ ಬಳಿ ಎರಡನೇ ಪದವಿಯ ಹೆಸರಿಲ್ಲ, ಸರ್ಟಿಫಿಕೇಟುಗಳಿವೆ.

ಮೊದಲ ವರ್ಷ ಪೂರ್ತಿ ನೀರಿನಲ್ಲಿ ಹೋಮ. ಒಂದು ಆನ್‌ಲೈನ್ ಕ್ಲಾಸಿಗೆ 12 ಸಾವಿರ ಕಟ್ಟಿದ್ದೆ, ಎ2 ಅರ್ಧಕ್ಕೆ ಬರುವಷ್ಟರಲ್ಲಿ ಆ ಕ್ಲಾಸೇ ನಿಂತುಹೋಯಿತು, ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಮೊಬೈಲ್ ಆಪ್ ಹಿಡಿದೆ. ದಿನಾ ಸೇಬು, ಹಾಲು, ಬ್ರೆಡ್ಡು. ಮೂರು ತಿಂಗಳಾದರೂ ಒಂದು ಪ್ಯಾರಾ ಓದೋಕೆ ಬರಲಿಲ್ಲ. ಸೆಮಿಸ್ಟರ್ ಪರೀಕ್ಷೆ ಬಂದಾಗ ಜರ್ಮನ್ ಬಿಡುತ್ತಿದ್ದೆ, ಪರೀಕ್ಷೆ ಮುಗಿಸಿ ಮತ್ತೆ ಮೊದಲಿಂದ. ಎರಡು ವಿಷಯ ಒಂದರ ಸಮಯವನ್ನ ಇನ್ನೊಂದು ತಿನ್ನುವ ಹಾಗೆ ಇಟ್ಟುಕೊಂಡರೆ ಹೀಗೇ ಆಗುತ್ತದೆ.

ದಾರಿ ಸಿಕ್ಕಿದ್ದು ರಿಯಲ್ ಅನಾಲಿಸಿಸ್ (ವಾಸ್ತವ ಸಂಖ್ಯೆಗಳ ಗಣಿತ) ಪಾಠದಿಂದ. ಕಾಲೇಜಿನಲ್ಲಿ ಯಾವ ಪ್ರಮೇಯ ಆಗಿರುತ್ತೋ ಅದನ್ನೇ ಅವತ್ತು ರಾತ್ರಿ ಜರ್ಮನ್‌ನಲ್ಲಿ ಓದೋದು. ಹೊಸ ಗಣಿತ ಜರ್ಮನ್‌ನಲ್ಲಿ ಬೇಡ, ಹೊಸ ಜರ್ಮನ್ ಹೊಸ ವಿಷಯದಲ್ಲಿ ಬೇಡ. ಅರ್ಥ ಮೊದಲೇ ತಲೆಯಲ್ಲಿ ಇರೋದರಿಂದ ಡಿಕ್ಷನರಿ ಜಾಸ್ತಿ ತೆಗೆಯಬೇಕಾಗಲ್ಲ, ವಾಕ್ಯ ಹೇಗೆ ಕಟ್ಟಿದ್ದಾರೆ ಅನ್ನೋದು ಮಾತ್ರ ಕಣ್ಣಿಗೆ ಬೀಳುತ್ತದೆ. ಇದಕ್ಕೆ ನಾನು ಹಿಡಿದದ್ದು ಗೊಟ್ಟಿಂಗೆನ್‌ನಲ್ಲಿ ಪ್ರೊಫೆಸರ್ ಆಗಿದ್ದ ಎಡ್ಮಂಡ್ ಲಾಂಡೌ 1930ರಲ್ಲಿ ತಂದ 'ಗ್ರುಂಡ್‌ಲಾಗೆನ್ ಡೆರ್ ಅನಾಲಿಸಿಸ್'. ಪೆಯಾನೊ ಸ್ವಯಂಸಿದ್ಧಗಳಿಂದ (ಎಣಿಕೆಯ ಸಂಖ್ಯೆಗಳ ಮೂಲ ನಿಯಮಗಳು) ಹೊರಟು ಸಂಕೀರ್ಣ ಸಂಖ್ಯೆಗಳವರೆಗೆ 301 ಪ್ರಮೇಯ. ಒಂದೊಂದು ವಾಕ್ಯವೂ ಚಿಕ್ಕದು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲ ನೂರು ಪ್ರಮೇಯಗಳ ಸಾಧನೆಯನ್ನ ಕೈಯಲ್ಲಿ ಬರೆದೆ. ಆಮೇಲೆ ಪುಸ್ತಕ ಮುಚ್ಚಿ ನನ್ನದೇ ಜರ್ಮನ್‌ನಲ್ಲಿ ಸಾಧಿಸಿದೆ. ಸುಮ್ನೆ ಓದಿದರೆ ಬರಲ್ಲ, ಬರೆಯಲೇಬೇಕು.

ಇದರಲ್ಲಿ ಒಂದು ದೊಡ್ಡ ಲಾಭ ಇದೆ, ಯಾವ ಕ್ಲಾಸಿನವರೂ ಹೇಳಲ್ಲ. ಕೊನ್‌ಯುಂಕ್ಟಿವ್ ಒಂದು ('ಹೀಗಿರಲಿ' ಅನ್ನುವಂಥ ಕ್ರಿಯಾರೂಪ), ಕರ್ಮಣಿ ಪ್ರಯೋಗ, ಉದ್ದದ ಅಧೀನ ವಾಕ್ಯ, ಇವೆಲ್ಲ ಕ್ಲಾಸಿನಲ್ಲಿ ಬಿ1, ಬಿ2 ಹೊತ್ತಿಗೆ ಬರುತ್ತವೆ. ಗಣಿತದಲ್ಲಿ ಮೊದಲ ಪುಟದಲ್ಲೇ 'ಎಸ್ ಝೈ' ಅಂತ ಶುರು, ಅಂದರೆ 'ಆಗಿರಲಿ'. ಕಷ್ಟದ ವ್ಯಾಕರಣ ಮೊದಲೇ ಕೈಗೆ ಹತ್ತಿಬಿಡುತ್ತದೆ. 'ಡಾಸ್' (ಎಂದು), 'ವೆನ್' (ಆದರೆ, ಆದಾಗ) ಬಂದಾಗ ಕ್ರಿಯಾಪದ ಕೊನೆಗೆ ಹೋಗೋದು ಇಂಗ್ಲಿಷ್‌ನಲ್ಲಿ ಯೋಚಿಸುವವರಿಗೆ ತಲೆನೋವು, ನಮಗೇನು, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲೇ ಅಲ್ವಾ. ಬಿ2 ಬರವಣಿಗೆಯಲ್ಲಿ ನನಗೆ 90ರ ಆಸುಪಾಸು ಬಂದಿದ್ದು ಇದರಿಂದಲೇ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕ್ಲಾಸಿಗೆ ಹೋದ ಗೆಳೆಯರಿಗೂ ಅಷ್ಟು ಬಂದಿರಲಿಲ್ಲ.

ಆದರೆ ಬಿ1ನಲ್ಲಿ ಏಟು ತಿಂದೆ. ಓದು, ಬರಹ ಸಲೀಸು, ಕೇಳುವ ಭಾಗದಲ್ಲಿ 40 ಚಿಲ್ಲರೆ. ಪಾಸಾಗೋಕೆ 60 ಬೇಕು. ಮಾತಾಡುವ ಭಾಗ ಅಂಚಿನಲ್ಲಿ ಪಾಸು. ಗಣಿತದ ಪುಸ್ತಕದಲ್ಲಿ 'ನೀನು' ಇಲ್ಲ, 'ನಿನ್ನೆ ಹೋಗಿದ್ದೆ' ಇಲ್ಲ, ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದೂಡೋದು ಇಲ್ಲ. ಪುಣ್ಯಕ್ಕೆ ಬಿ1, ಬಿ2ಗಳಲ್ಲಿ ನಾಲ್ಕು ಭಾಗ ಬೇರೆ ಬೇರೆ, ಹೋದದ್ದನ್ನ ಮಾತ್ರ ಮತ್ತೆ ಕಟ್ಟಬಹುದು. ಆದರೂ ಆ ಫೀಸು, ಜನಶತಾಬ್ದಿ ಟಿಕೆಟ್ಟು, ಇಂದಿರಾನಗರದ ಹತ್ತಿರ ಒಂದು ರಾತ್ರಿ ರೂಮು ಅಂತ ಇನ್ನೊಂದು ಏಳೆಂಟು ಸಾವಿರ ಹೋಯಿತು.

ಕೇಳೋದನ್ನ ಸರಿಮಾಡಿದ್ದು ಯೂಟ್ಯೂಬ್. ಯೋರ್ನ್ ಲೊವಿಷಾಖ್ ಅನ್ನುವ ಪ್ರೊಫೆಸರ್ ಗಣಿತದ ಪಾಠಗಳನ್ನ ರಾಶಿ ರಾಶಿ ಹಾಕಿದ್ದಾರೆ, ಬರೆಯುತ್ತಾ ಬರೆಯುತ್ತಾ ಸಹಜವಾಗಿ ಮಾತಾಡುತ್ತಾರೆ. ಪರದೆ ನೋಡದೆ ಕಿವಿಯಿಂದ ಕೇಳಿ ನಾನು ಸಮೀಕರಣ ಬರೆಯೋದು, ಆಮೇಲೆ ಪರದೆ ನೋಡಿ ತಾಳೆ ಹಾಕೋದು. ತಪ್ಪು ತಕ್ಷಣ ಗೊತ್ತಾಗುತ್ತೆ. ಜರ್ಮನ್‌ನಲ್ಲಿ 21 ಅನ್ನೋಕೆ 'ಒಂದು ಮತ್ತು ಇಪ್ಪತ್ತು' ಅಂತಾರೆ, ಕೇಳುವ ಪರೀಕ್ಷೆಯಲ್ಲಿ ಫೋನ್ ನಂಬರ್, ಬೆಲೆ ಬಂದರೆ ಅರ್ಧ ಜನ ಬೀಳೋದು ಅಲ್ಲೇ. ಅದಕ್ಕೆ ಇಪ್ಪತ್ತರ ತನಕ ಮಗ್ಗಿಯನ್ನ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿದೆ. ಎರಡೇ ವಾರ ಹಿಡಿಯಿತು, ಆ ಸಮಸ್ಯೆ ಪೂರ್ತಿ ಹೋಯಿತು.

ಮಾತಾಡೋಕೆ ಜನ ಸಿಕ್ಕಿದ್ದು ನಮ್ಮೂರಲ್ಲೇ. ದಾವಣಗೆರೆಯಲ್ಲಿ ನರ್ಸಿಂಗ್ ಓದುವವರು ಎಷ್ಟೊಂದು ಜನ, ಅವರಲ್ಲಿ ಜರ್ಮನಿಗೆ ಹೋಗೋಕೆ ಬಿ2 ಕಟ್ಟುವವರೂ ಇದ್ದಾರೆ. ಅವರಿಗೆ ವ್ಯಾಕರಣ ಕಷ್ಟ, ನನಗೆ ದಿನನಿತ್ಯದ ಮಾತು ಕಷ್ಟ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಮೇಲೆ ಒಂದು ಸುತ್ತು, ಪೂರ್ತಿ ಜರ್ಮನ್. ಅವರು ರೋಗಿ, ನೋವು, ಊಟ, ಮನೆಯವರು ಅಂತ ಮಾತಾಡೋದು, ನಾನು ವಾಕ್ಯ ತಿದ್ದೋದು. ಒಂದು ರೂಪಾಯಿ ಖರ್ಚಿಲ್ಲ, ಆಮೇಲೆ ಬೆಣ್ಣೆ ದೋಸೆ ದುಡ್ಡು ಬಿಟ್ಟರೆ. ಆ ಗುಂಪಿನಲ್ಲಿ ಇಬ್ಬರು ಅಕ್ಕಂದಿರು ಈಗಾಗಲೇ ಅಲ್ಲಿ ಕೆಲಸದಲ್ಲಿದ್ದಾರೆ.

ಒಟ್ಟು ಖರ್ಚು? ಪರೀಕ್ಷೆ, ಪುಸ್ತಕ, ಓಡಾಟ, ಮುಳುಗಿದ ಆ 12 ಸಾವಿರ ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಬಂದಿರಬೇಕು, ನಾಲ್ಕೈದು ವರ್ಷದಲ್ಲಿ. ಮುಕ್ಕಾಲು ಪಾಲು ವಿದ್ಯಾನಗರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳಿ ದುಡಿದದ್ದು. ಮನೆಯಿಂದ ಜಾಸ್ತಿ ಕೇಳಲಿಲ್ಲ.

ಪದಗಳ ನೋಟ್‌ಬುಕ್ ಹೇಗೆ ಇಟ್ಟಿದ್ದೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೆ ಎರಡು ವರ್ಷ ಬೇಕಾಯಿತು, ಈಗ ಅದರಲ್ಲೇ ಇಬ್ಬರು ಹುಡುಗರಿಗೆ ಹೇಳಿಕೊಡುತ್ತಿದ್ದೇನೆ. ಟೆಸ್ಟ್‌ಡಾಫ್‌ನಲ್ಲಿ ಗ್ರಾಫ್, ಅಂಕಿಅಂಶ ನೋಡಿ ವಿವರಿಸುವ ಭಾಗಕ್ಕೂ ನನ್ನದೊಂದು ಕ್ರಮ ಇದೆ. ಗಣಿತದವರಿಗೆ ಅಲ್ಲಿ ಅಂಕ ಬಿಟ್ಟುಕೊಡುವ ಅಗತ್ಯವೇ ಇಲ್ಲ ಅಂತ ಮಾತ್ರ ಹೇಳಬಲ್ಲೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ, ಹಳೆಯ ಮೂಲ ಲೇಖನ ಓದೋದು. ಗೊಟ್ಟಿಂಗೆನ್‌ನವರು ಹಳೆಯ ಗಣಿತ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಗಣಿತಜ್ಞ ಕ್ಯಾಂಟರ್ 1874ರಲ್ಲಿ ಬರೆದದ್ದು ಬರೀ ಐದು ಪುಟ, ನನಗೆ ಒಂದು ತಿಂಗಳು ಹಿಡಿಯಿತು. ವಾಕ್ಯಗಳು ಉದ್ದ, ಲಾಂಡೌ ಥರ ಅಲ್ಲ. ಆದರೆ ಸಿಕ್ಕಿದ್ದು ಬಹಳ. ವಾಸ್ತವ ಸಂಖ್ಯೆಗಳನ್ನ ಎಣಿಸಿ ಸಾಲಾಗಿ ಇಡೋಕೆ ಆಗಲ್ಲ ಅನ್ನೋದಕ್ಕೆ ಕ್ಲಾಸಿನಲ್ಲಿ ನಮಗೆ ಹೇಳಿದ್ದು ಕರ್ಣ ವಿಧಾನ ಒಂದೇ, ಅದು 1891ರದ್ದು. 1874ರ ಸಾಧನೆ ಬೇರೆಯೇ, ಒಂದರೊಳಗೊಂದು ಕೂರುವ ಅಂತರಗಳನ್ನ (ಇಂಟರ್ವಲ್) ತಗೊಂಡು ಮಾಡಿದ್ದು. ಎಂ.ಎಸ್ಸಿ ಸೆಮಿನಾರಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಮಾಡಿದೆ. 'ಎರಡು ದೋಣಿ ಮೇಲೆ ಕಾಲಿಡಬೇಡಪ್ಪ' ಅಂತ ಬಿ.ಎಸ್ಸಿಯಲ್ಲಿ ಬುದ್ಧಿ ಹೇಳಿದ್ದ ಮೇಷ್ಟ್ರು ಅವತ್ತು ಬಂದಿದ್ದರು, ಮುಗಿದ ಮೇಲೆ ಆ ಐದು ಪುಟದ ಜೆರಾಕ್ಸ್ ಕೇಳಿ ತಗೊಂಡರು.

ಈಗ ಕೈಯಲ್ಲಿರೋದು ಗಣಿತಜ್ಞ ಡೆಡೆಕಿಂಡ್ 1872ರಲ್ಲಿ ತಂದ ಚಿಕ್ಕ ಪುಸ್ತಕ, ಅಭಾಗಲಬ್ಧ ಸಂಖ್ಯೆಗಳ ಮೇಲಿನದು. ಒಟ್ಟು ಏಳು ಭಾಗ. ಬಿ.ಎಸ್ಸಿ ಹುಡುಗರಿಗೆ ಆಗಲಿ ಅಂತ ನೇರ ಜರ್ಮನ್‌ನಿಂದ ಕನ್ನಡಕ್ಕೆ ಮಾಡುತ್ತಿದ್ದೇನೆ. ಮೂರು ಭಾಗ ಆಗಿದೆ. ಅವರು ಕಟ್ ಅನ್ನುವ ಕಲ್ಪನೆ (ಭಾಗಲಬ್ಧ ಸಂಖ್ಯೆಗಳನ್ನ ಎರಡು ಗುಂಪಾಗಿ ಸೀಳೋದು) ತರೋದು ನಾಲ್ಕನೇ ಭಾಗದಲ್ಲಿ, ಅದನ್ನ ಈ ರಜೆಯಲ್ಲಿ ಮುಗಿಸಬೇಕು.